ಶಾಲಿನಾ ಹಾದುಹೋಗುವ ಹೊತ್ತು

ನವೆಂಬರಿನಲ್ಲಿ ಮೂವರೂ ನನ್ನ ಲೇತಿನ ಮುಂದೆ ಬಂದು ನಿಂತರು,
ಕೋಟಿನ ತೋಳಲ್ಲಿ ಹಿಮ ಇನ್ನೂ ಕರಗಿರಲಿಲ್ಲ.
‘ಕ್ವೇತೊಸ್ಲಾವ್, ಒಂದು ಹಿಡಿಕೆ ಬೇಕು,’ ಅಂದಳು ದ್ರಹೊಮೀರಾ,
‘ಮೀನಿನ ಭ್ರೂಣ ಕೂರುವಂಥದ್ದು.’
ಎಷ್ಟುದ್ದದ ಮೀನು?
ತೋರುಬೆರಳ ಉಗುರಿನ ಮೇಲೆ
ಪೆನ್ಸಿಲಿನಿಂದ ಒಂದು ಗೀಟು ಎಳೆದು ತೋರಿಸಿದಳು.
ನಲವತ್ತೊಂದು ವರ್ಷ ಟ್ರ್ಯಾಕ್ಟರಿನ ಗೇರು ಕಡೆದವನು ನಾನು,
ನಕ್ಕೆ.
ಅವರು ನಗಲಿಲ್ಲ.

ಎಗೊನ್ ಬೆಳಕಿನ ಮನುಷ್ಯ.
ಲೇಸರನ್ನು ಹಪ್ಪಳದಂತೆ ಲಟ್ಟಿಸುತ್ತಾನೆ;
ಕೂದಲನ್ನು ಹತ್ತು ಸೀಳು ಸೀಳಿದರೆ
ಒಂದು ಸೀಳು ಎಷ್ಟೋ ಅಷ್ಟು ತೆಳು.
ಆ ಹಾಳೆ ಮೀನಿನ ಮೈಯೊಳಗೆ ಹೊಕ್ಕು ಹೊರಡುತ್ತದೆ,
ಹೋಳು ಮಾಡುತ್ತದೆ, ಕೊಯ್ಯುವುದಿಲ್ಲ.
ಬಂದ ಹೋಳುಗಳನ್ನೆಲ್ಲ ಮತ್ತೆ ಮೀನಾಗಿ ಜೋಡಿಸುವವಳು ತುಯೆತ್.
ಅವಳ ಅಪ್ಪ ಅಮ್ಮನ ರಾತ್ರಿಯಂಗಡಿ ಇಲ್ಲೇ ಬ್ರನೋದ ಮೂಲೆಯಲ್ಲಿ;
ಹನೋಯ್ ಕಂಡಿದ್ದು ಎರಡೇ ಸಲ,
ಬೈಗುಳ ಮಾತ್ರ ನನಗಿಂತ ಅಪ್ಪಟ ಈ ಊರಿನದು.

ಮೊದಲ ತಿಂಗಳು ಪೂರ್ತಿ ‘ಕ್ಷಣ’ ಎಂಬ ಒಂದು ಪದಕ್ಕೇ ಹೋಯಿತು.
ಎಗೊನ್‌ಗೆ ಕ್ಷಣವೆಂದರೆ
ಬೆಳಕು ಈ ಗೋಡೆಯಿಂದ ಆ ಗೋಡೆಗೆ ಹೋಗುವಷ್ಟು.
ದ್ರಹೊಮೀರಾಗೆ, ಒಂದು ಕೋಶ ಎರಡಾಗುವಷ್ಟು,
ಅಂದರೆ ಇಪ್ಪತ್ತು ನಿಮಿಷ.
ನನಗೆ, ಕಡೆದ ಹಿತ್ತಾಳೆ ಕೈಗೆ ತಣ್ಣಗಾಗುವಷ್ಟು.
‘ಒಂದು ಕ್ಷಣ ತಾಳಿ’ ಅಂದರೆ
ಯಾರೂ ಒಟ್ಟಿಗೆ ತಾಳುತ್ತಿರಲಿಲ್ಲ.

ಆಮೇಲೆ ಚಿತ್ರ ನಡುಗಲು ಶುರುವಾಯಿತು.
ಎರಡು ದಿನದ ಮರಿ, ಗಾಜಿನಂಥ ಮೈ,
ಎದೆಯ ಜಾಗದಲ್ಲಿ ಬರೀ ಕಲಸಿದ ಮಂಜು.
‘ನಿನ್ನ ಬೆಳಕಿಗೆ ಬೆಂದು ಒದ್ದಾಡುತ್ತಿದೆ,’ ಅಂದಳು ಅವಳು.
‘ನಿನ್ನ ಮೀನಿಗೇ ನಿಲ್ಲಲು ಬರುವುದಿಲ್ಲ,’ ಅಂದ ಅವನು.
ಇಬ್ಬರೂ ತಿರುಗಿ ನನ್ನ ಹಿಡಿಕೆಯನ್ನು ನೋಡಿದರು.
ಎರಡು ವಾರ ಕಾಫಿ ಬೇರೆ ಬೇರೆ ಹೊತ್ತಿಗೆ.

ತುಯೆತ್ ಯಾರ ಪರವೂ ಮಾತಾಡಲಿಲ್ಲ.
ನಡುಕವನ್ನೆಲ್ಲ ಗೆರೆಯಾಗಿ ಹರವಿ,
ಜೇಬಿನಿಂದ ಮುದುರಿದ ಚೀಟಿಯೊಂದನ್ನು ತೆಗೆದು
ಪಕ್ಕದಲ್ಲಿಟ್ಟಳು:
ನಾಲ್ಕನೇ ನಂಬರಿನ ಟ್ರಾಮಿನ ವೇಳಾಪಟ್ಟಿ.
ನಿಮಿಷಕ್ಕೆ ನಿಮಿಷ ತಾಳೆ.
ಟ್ರಾಮನ್ನು ನಾವು ಇಲ್ಲಿ ಶಾಲಿನಾ ಅನ್ನುತ್ತೇವೆ,
ಮನೆಮಗಳನ್ನು ಕರೆದ ಹಾಗೆ.
ಅವಳು ಬೀದಿಯ ತಿರುವಿನಲ್ಲಿ ಸೊಂಟ ತಿರುಗಿಸಿದಾಗಲೆಲ್ಲ
ನೆಲಮಾಳಿಗೆಯಲ್ಲಿ ನಮ್ಮ ಮೀನು ಬೆಚ್ಚುತ್ತಿತ್ತು.

ಊರಿನ ಹಳಿ ಕೀಳಲಾಗುತ್ತದೆಯೇ?
ಮೊಮ್ಮಗನ ಸೈಕಲ್ಲಿನ ಎರಡು ಹಳೇ ಟ್ಯೂಬು ತಂದೆ,
ಅರ್ಧ ಗಾಳಿ ತುಂಬಿ ಮೇಜಿನ ಕೆಳಗೆ ತುರುಕಿದೆ.
ನಲವತ್ತು ಲಕ್ಷದ ಯಂತ್ರ, ತೇಪೆ ಹಾಕಿದ ರಬ್ಬರು.
ಎಗೊನ್ ಕಣ್ಣು ಮುಚ್ಚಿಕೊಂಡ.
ಮೇಲೆ ಶಾಲಿನಾ ಬಂದಳು, ಕಿರ್ ಅಂದಳು, ಹೋದಳು.

ಮರಿಯ ಗುಂಡಿಗೆ ಕಂಡಿತು.
ಎರಡೇ ಕೋಣೆ,
ಒಂದು ಹಿಂಡಿದರೆ ಇನ್ನೊಂದು ತುಂಬುತ್ತದೆ;
ಕಿರಿದಾದ ಬಾಗಿಲಲ್ಲಿ ರಕ್ತದ ಕಣಗಳು
ಒಂದೊಂದೇ, ಸರದಿ ತಪ್ಪದೆ,
ರಾತ್ರಿಪಾಳಿ ಮುಗಿಸಿದ ಕೂಲಿಗಳು ಗೇಟು ದಾಟಿದಂತೆ.
ದ್ರಹೊಮೀರಾ ಎಗೊನ್‌ನ ತೋಳು ಹಿಡಿದುಕೊಂಡಿದ್ದಳು,
ಹಿಡಿದದ್ದು ಅವಳಿಗೆ ಗೊತ್ತಿರಲಿಲ್ಲ.
ತುಯೆತ್ ತನ್ನ ಭಾಷೆಯಲ್ಲಿ ಏನೋ ಅಂದಳು.
ಯಾರೂ ಅರ್ಥ ಕೇಳಲಿಲ್ಲ.

ನಾನೂ ನೋಡಿದೆ.
ಆದರೆ ಚಿತ್ರದ ಬಲ ಅಂಚಿನಲ್ಲಿ, ಗುಂಡಿಗೆಯಿಂದ ದೂರ,
ಕಪ್ಪಗೆ ಏನೋ ಮುಳ್ಳಿನಂತೆ ಚಾಚಿತ್ತು.
ಮೀನಿನದಲ್ಲ, ಬೆಳಕಿನದೂ ಅಲ್ಲ,
ನನ್ನದು:
ಹಿಡಿಕೆಯ ತುಟಿಯಲ್ಲಿ ಅರ ತಾಕದೆ ಉಳಿದ ಒಂದು ಸಿಬಿರು.
ಆರು ಸಲ ಹೆಬ್ಬೆರಳಾಡಿಸಿ
ನುಣುಪಾಗಿದೆ ಎಂದು ಒಪ್ಪಿಸಿದ್ದೆ.

ಅವರು ವೈನು ತೆರೆಯುತ್ತಿದ್ದರು.
ನಾನು ಕನ್ನಡಕ ಒರೆಸಿಕೊಂಡು
ಎಲ್ಲಕ್ಕಿಂತ ಸಣ್ಣ ಅರ ಎಲ್ಲಿಟ್ಟಿದ್ದೇನೆ
ಎಂದು ನೆನಪಿಸಿಕೊಳ್ಳುತ್ತಿದ್ದೆ.